ಮಾತು ಬಿಟ್ಟ ಮರ

ಕ್ವಮ್ ಹೆಲಿಗ್, ವೇಲ್ಸ್
ಭಾನುವಾರ, ಮಾರ್ಚ್ 8, 1908

ಮಗಳೇ ನೆಸ್ಟ,

ನಿನ್ನ ಕಾಗದ ಬುಧವಾರ ಬಂತು. ಗಣಿಯಿಂದ ಬಂದವರು ಮೈ ಕೂಡ ತೊಳೆಯದೆ ಒಲೆಯ ಮುಂದೆ ಕೂತೆವು. ನಾನು ಒಮ್ಮೆ ಮನಸ್ಸಿನಲ್ಲೇ ಓದಿಕೊಂಡು, ಆಮೇಲೆ ನಿನ್ನ ಗಂಡ ಇಲ್ಟಿಡ್‌ಗೆ ಎರಡು ಸಲ ಗಟ್ಟಿಯಾಗಿ ಓದಿದೆ. ಇಪ್ಪತ್ತೆಂಟು ವರ್ಷದ ಗಂಡಸು, ದಿನಕ್ಕೆ ನಾಲ್ಕು ಗಾಡಿ ಕಲ್ಲಿದ್ದಲು ಕಡಿಯುತ್ತಾನೆ, ಅಕ್ಷರ ಕಂಡರೆ ಮಾತ್ರ ಬೆವರುತ್ತಾನೆ. ಅವು ಒಂದು ಕಡೆ ನಿಲ್ಲುವುದೇ ಇಲ್ಲವಂತೆ, ಹಾಳೆಯ ಮೇಲೆ ಇರುವೆ ಹರಿದ ಹಾಗೆ ಹರಿದಾಡುತ್ತವಂತೆ. "ಮಾವ, ಊಟ ಸೇರ್ತಿದೆ ಅಂತ ಬರ್ದಿದಾಳಲ್ಲ, ಅದನ್ನ ಇನ್ನೊಂದ್ಸಲ ಓದಿ" ಅಂದ. ಓದಿದೆ. ಎದ್ದು ಹೋಗಿ ಕೋಳಿಗಳಿಗೂ ಹೇಳಿ ಬಂದನೇನೋ, ಮುಖ ಹಾಗಿತ್ತು.

ಸ್ಯಾನಿಟೋರಿಯಮ್ಮಿನ ಡಾಕ್ಟರು ಅಕ್ಟೋಬರ್‌ವರೆಗೆ ಅಂದರೆ ಅಕ್ಟೋಬರ್‌ವರೆಗೆ. ಎದೆ ಸರಿಯಾಗದೆ ಈ ಹೊಗೆಯ ಊರಿಗೆ ಬರುವ ಯೋಚನೆ ಮಾಡಬೇಡ. ನಿನ್ನ ಗಂಡನನ್ನು ನಾನು ನೋಡಿಕೊಳ್ಳುತ್ತೇನೆ. ಮೇಲೂ ನೋಡಿಕೊಳ್ಳುತ್ತೇನೆ, ಕೆಳಗೂ ನೋಡಿಕೊಳ್ಳುತ್ತೇನೆ.

ಈ ವಾರ ಹೊಸ ಮೇಲ್ವಿಚಾರಕನ ಜೊತೆ ಒಂದು ಜಟಾಪಟಿ ಆಯಿತು. ನಾವಿಬ್ಬರು ಕಡಿಯುವ ಜಾಗಕ್ಕೆ ತೆವಳಿಕೊಂಡು ಬಂದ. ಅಲ್ಲಿ ಮೂರು ಅಡಿ ಎತ್ತರ, ಪಕ್ಕಕ್ಕೆ ಮಲಗಿಯೇ ಕಡಿಯಬೇಕು. ಅವನ ಟೋಪಿ ಉದುರಿತು, ಸಿಟ್ಟು ಬಂತು. ಚಾವಣಿಗೆ ಆಸರೆ ಕೊಟ್ಟ ಮರದ ಕಂಬಗಳನ್ನು ಒದ್ದು ನೋಡಿ, "ಹೌವೆಲ್, ಇದರ ಬದ್ಲು ಕಬ್ಬಿಣ ನಿಲ್ಸಿದ್ರೆ ಹತ್ತು ವರ್ಷ ಬಾಳಿಕೆ ಬರತ್ತೆ ಕಣಯ್ಯ" ಅಂದ.

"ಕಬ್ಬಿಣ ಬರತ್ತೆ ಸ್ವಾಮಿ, ನಾವು ಬರ್ಬೇಕಲ್ಲ! ಕಬ್ಬಿಣ ಮೂಗ. ಹೇಳದೆ ಕೇಳದೆ ಬಗ್ಗಿಬಿಡತ್ತೆ. ಮರ ಹಂಗಲ್ಲ. ಮೇಲೆ ಭಾರ ಕೂತ್ರೆ ಮೊದ್ಲು ಕಿರ್ ಅನ್ನತ್ತೆ, ಆಮೇಲೆ ನರಳತ್ತೆ, ಆಮೇಲೇ ಮುರಿಯೋದು. ಎದ್ದು ಓಡಕ್ಕೆ ಪುರುಸೊತ್ತು ಕೊಡತ್ತೆ."

"ಪಿಕಾಸಿ ಸದ್ದಲ್ಲಿ ಅದೆಲ್ಲ ಕೇಳತ್ತೇನಯ್ಯ?"

"ಕಡಿಯೋನಿಗೆ ಕೇಳಲ್ಲ. ಅದಕ್ಕೇ ಒಂದು ಜಾಗಕ್ಕೆ ಇಬ್ರು ಇರೋದು. ಚಿಕ್ಕೋನು ಕಡೀತಾನೆ, ದೊಡ್ಡೋನು ಗಾಡಿ ತುಂಬ್ತಾ ಮರದ ಕಡೆ ಕಿವಿ ಇಟ್ಟಿರ್ತಾನೆ. ದೊಡ್ಡೋನು 'ಹೊರಗೆ!' ಅಂದ್ರೆ ಚಿಕ್ಕೋನು ಯಾಕೆ ಅನ್ನಂಗಿಲ್ಲ. ನಮ್ಮಪ್ಪ ನಂಗೆ ಹಂಗೇ ಕಲ್ಸಿದ್ದು."

ಮನುಷ್ಯ ಏನೋ ಗೊಣಗಿಕೊಂಡು ಹೋದ. ಈಗಿನ ಕಾಲದವರು ಬಾಯಿಬಿಟ್ಟು ಮಾತಾಡುವುದನ್ನೇ ಮರೆತಿದ್ದಾರೆ.

ಇಲ್ಟಿಡ್ ಬರೆಯಲು ಹೇಳಿದ್ದು: "ಕೋಳಿ ದಿನಾ ಮೂರು ಮೊಟ್ಟೆ ಇಡ್ತಿವೆ. ನೀನು ರಾತ್ರಿ ಕಿಟಕಿ ತೆಗೆದು ಮಲಗ್ತೀಯಂತೆ, ಕಾಲಿಗೆ ಉಲ್ಲನ್ ಹಾಕ್ಕೋ." ಕೆಳಗಿನ ಗುರುತು ಅವನದೇ. ತನ್ನ ಕಲ್ಲಿದ್ದಲು ಗಾಡಿಗೆ ಸೀಮೆಸುಣ್ಣದಲ್ಲಿ ಹಾಕುವ ಅದೇ ಕಾಗೆಕಾಲು.

ನಿನ್ನ ದಾರಿ ನೋಡುವ ಅಪ್ಪ,
ಹೌವೆಲ್ ಪ್ರಾಸರ್


ಬ್ರಿನ್ ಅವೆಲ್ ಸ್ಯಾನಿಟೋರಿಯಂ
ಮಾರ್ಚ್ 22, 1908

ಅಪ್ಪ,

ಇಲ್ಲಿ ಹಾಸಿಗೆಗಳನ್ನು ಜಗಲಿಗೆ ತಂದು ಹಾಕಿದ್ದಾರೆ. ಹೊದಿಕೆಯ ಮೇಲೆ ಹಿಮ ಬೀಳುತ್ತದೆ, ನರ್ಸು ಬಂದು ಹಿಟ್ಟು ಕೊಡವಿದ ಹಾಗೆ ಕೊಡವಿ ಹೋಗುತ್ತಾಳೆ. ಇದು ಔಷಧವಂತೆ. ನಮ್ಮ ಹಿತ್ತಿಲಲ್ಲಿ ಮಲಗಿದ್ದರೆ ಇದೇ ಔಷಧ ಪುಕ್ಕಟೆ ಸಿಗುತ್ತಿತ್ತು.

ಡಾಕ್ಟರು ಸೋಮವಾರ ಸೋಮವಾರ ನನ್ನ ಬೆನ್ನಿಗೆ ಎರಡು ಬೆರಳಲ್ಲಿ ತಟ್ಟಿ, ಕಿವಿ ಇಟ್ಟು ಕೇಳುತ್ತಾರೆ. ನೀನು ಪಿಕಾಸಿಯ ಹಿಡಿಯಲ್ಲಿ ಚಾವಣಿಗೆ ತಟ್ಟಿ, ಟೊಳ್ಳೋ ಗಟ್ಟಿಯೋ ಎಂದು ಕೇಳುವ ಹಾಗೆಯೇ. ನನಗೆ ನಗು ಬರುತ್ತದೆ. "ಯಾಕಮ್ಮ?" ಅಂದರು. "ನಮ್ಮಪ್ಪಂದೂ ಇದೇ ಕೆಲ್ಸ ಡಾಕ್ಟ್ರೇ" ಅಂದೆ. ಎಡಗಡೆ ಇನ್ನೂ ಟೊಳ್ಳಂತೆ.

ಇಲ್ಟಿಡ್, ನೀನು ಬೆನ್ನು ತೊಳೆದುಕೊಳ್ಳುತ್ತಿದ್ದೀಯಾ? ಬೆನ್ನಿಗೆ ನೀರು ಹಾಕಿದರೆ ಬಲ ಹೋಗುತ್ತದೆ ಎಂದು ಅಪ್ಪ ಹೇಳುತ್ತಾರೆ, ನೀನು ಕೇಳುತ್ತೀಯ. ನಾನು ಬರುವ ಹೊತ್ತಿಗೆ ಇಬ್ಬರ ಬೆನ್ನಿನ ಮೇಲೂ ಆಲೂಗಡ್ಡೆ ಬೆಳೆಯಬಹುದು. ರಾತ್ರಿ ಕೆಮ್ಮು ಬಂದಾಗ ನಿನ್ನ ನೆನಪು ಬರುತ್ತದೆ. ಅಪ್ಪ ಇದನ್ನು ಗಟ್ಟಿಯಾಗಿ ಓದುತ್ತಿದ್ದಾರೆಂದು ಗೊತ್ತು, ಆದರೂ ಬರೆದೆ.

ನಿಮ್ಮಿಬ್ಬರ,
ನೆಸ್ಟ


ಕ್ವಮ್ ಹೆಲಿಗ್
ಈಸ್ಟರ್ ಭಾನುವಾರ, ಏಪ್ರಿಲ್ 19

ಮಗಳೇ,

ಹಬ್ಬ ಆಯಿತು. ಹೊಸ ಪಾದ್ರಿಯವರ ಉಪದೇಶ ಒಂದಕ್ಷರ ತಿಳಿಯಲಿಲ್ಲ. ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡೇ ಮಾತಾಡುತ್ತಾರೆ. ಹಾಡಿನ ಗುಂಪಿನಲ್ಲಿ ನನ್ನನ್ನು ಹಿಂದಿನ ಸಾಲಿಗೆ ಹಾಕಿದರು. ಮೂವತ್ತು ವರ್ಷ ಮುಂದೆ ನಿಂತು ಹಾಡಿದವನು ನಾನು. ಎದ್ದು ಬಂದುಬಿಟ್ಟೆ, ಇನ್ನು ಹೋಗುವುದಿಲ್ಲ. ನಿಮ್ಮಮ್ಮನ ಗಡಿಯಾರವೂ ಗಂಟೆ ಹೊಡೆಯುವುದನ್ನು ನಿಲ್ಲಿಸಿದೆ. ಮುಳ್ಳು ಓಡುತ್ತದೆ, ಬಾಯಿ ಮಾತ್ರ ಮುಚ್ಚಿದೆ. ಬಿಚ್ಚಿ ನೋಡಿದೆ, ಏನೂ ಕೆಟ್ಟಿಲ್ಲ.

ನಿನಗೆ ಹೇಳಬಾರದು ಅಂದುಕೊಂಡಿದ್ದೆ, ಆದರೆ ಬೇರೆ ಯಾರಿಗೆ ಹೇಳಲಿ? ಮಂಗಳವಾರ ಚಾವಣಿಯಿಂದ ಒಂದು ಬಂಡೆ ಬಿತ್ತು. ಬಾಗಿಲಷ್ಟು ಅಗಲ. ಇಲ್ಟಿಡ್ ಮಲಗಿ ಕಡಿಯುತ್ತಿದ್ದ ಜಾಗದ ಮೇಲೇ. ಅವನ ಪುಣ್ಯ, ಆಗತಾನೇ ಬಾಯಾರಿಕೆ ಅಂತ ಟೀ ಡಬ್ಬಿ ಹುಡುಕಿಕೊಂಡು ನನ್ನ ಹತ್ತಿರ ಬಂದಿದ್ದ. ಕಂಬ ಒಂದೇ ಒಂದು ಸದ್ದು ಮಾಡಲಿಲ್ಲ ನೆಸ್ಟ. ನಲವತ್ತೊಂದು ವರ್ಷದಲ್ಲಿ ಒಂದು ದಿನವೂ ಮರ ನನಗೆ ಹೇಳದೆ ಮುರಿದಿಲ್ಲ. ಮೇಲೆ ಬಂದವನೇ ಮರದ ಅಂಗಳಕ್ಕೆ ಹೋಗಿ ಕಾವಲುಗಾರನನ್ನು ಹಿಡಿದುಕೊಂಡೆ.

"ಯಾವ ದೇಶದ ಮರ ತರ್ಸಿದೀಯೋ? ಈ ಸಲದ್ದು ಮೂಗ ಮರ. ನಂಜೊತೆ ಮಾತೇ ಬಿಟ್ಟಿದೆ!"

"ಯಾವಾಗ್ಲೂ ಬರೋ ನಾರ್ವೆ ಮರಾನೇ ಕಣೋ ಹೌವೆಲ್. ಮಿಕ್ಕೋರ್ ಯಾರೂ ದೂರು ಕೊಟ್ಟಿಲ್ಲ. ನೀನು ಅದಕ್ಕೇನಂದ್ಯೋ, ಮುನಿಸ್ಕೊಂಡಿರ್ಬೇಕು."

ಸುತ್ತ ಇದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ಇಲ್ಟಿಡ್ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ, ತಲೆಹರಟೆ: "ಆ ಗಡಿಯಾರಕ್ಕೆ ಬಟ್ಟೆ ಸುತ್ಬೇಕು. ಕೆಲ್ಸದಿಂದ ಬಂದು ಒಂದು ಗಳಿಗೆ ಕಣ್ಣು ಮುಚ್ಚಿದ್ರೆ ಢಣ್ ಢಣ್ ಅಂತ ಎಬ್ಬಿಸ್ತದೆ. ಮರಕ್ಕೇನೂ ಆಗಿಲ್ಲ, ನೀನು ಹೆದರ್ಬೇಡ."

ಅವನ ಕಾಗೆಕಾಲು ಕೆಳಗಿದೆ.

ನಿನ್ನ ಅಪ್ಪ


ಬ್ರಿನ್ ಅವೆಲ್
ಮೇ 3

ಅಪ್ಪ,

ಈ ಹಾಳೆ ನಿನಗೊಬ್ಬನಿಗೇ. ಇಲ್ಟಿಡ್‌ಗೆ ಓದಲು ಇನ್ನೊಂದು ಹಾಳೆ ಇಟ್ಟಿದ್ದೇನೆ, ಅದರಲ್ಲಿ ಕೋಳಿಯ ಸುದ್ದಿ ಇದೆ.

ನಿನ್ನ ಕಾಗದವನ್ನು ಹನ್ನೆರಡು ಸಲ ಓದಿದೆ. ನಿನಗೆ ಹೊಡೆಯದ ಗಡಿಯಾರ ಇಲ್ಟಿಡ್‌ನ ನಿದ್ದೆ ಕೆಡಿಸುತ್ತದೆ. ಅವನು ಹೇಳಿದ್ದನ್ನು ನೀನೇ ಕೈಯಾರೆ ಬರೆದಿದ್ದೀಯ, ಬರೆದು ತಲೆಹರಟೆ ಅಂದಿದ್ದೀಯ. ಪಾದ್ರಿ ಗೊಣಗುತ್ತಾರೆ, ಮೇಲ್ವಿಚಾರಕ ಗೊಣಗುತ್ತಾನೆ, ಇಡೀ ಊರೇ ಗೊಣಗುತ್ತದೆ. ಶ್ರುತಿ ತಪ್ಪಿದ್ದಕ್ಕಲ್ಲದೆ ನಿನ್ನನ್ನು ಹಿಂದಿನ ಸಾಲಿಗೆ ಯಾಕೆ ಹಾಕುತ್ತಾರೆ? ನೀನು ಯಾವತ್ತು ಶ್ರುತಿ ತಪ್ಪಿದ್ದೆ?

ಮರ ಮಾತು ಬಿಟ್ಟಿಲ್ಲ ಅಪ್ಪ.

ನಾನು ತಪ್ಪಿದ್ದರೆ ಬೈದು ಬರೆ. ನಿನ್ನ ಬೈಗುಳ ಬಂದರೆ ಹಬ್ಬ ಮಾಡುತ್ತೇನೆ.

ನೆಸ್ಟ


ಕ್ವಮ್ ಹೆಲಿಗ್
ಜೂನ್ 21

ನೆಸ್ಟ,

ಏಳು ವಾರ ಬರೆಯಲಿಲ್ಲ. ಬರೆದು ಹರಿದೆ, ಬರೆದು ಹರಿದೆ. ಪೆನ್ನು ಕೆಟ್ಟಿದೆ ಅಂತ ಇಲ್ಟಿಡ್‌ಗೆ ಸುಳ್ಳು ಹೇಳಿದೆ.

ನಿನ್ನ ಕಾಗದ ಬಂದ ದಿನ ಅವನಿಲ್ಲದಾಗ ಗಡಿಯಾರವನ್ನು ಗೂಡಿನಿಂದ ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಮುಳ್ಳು ನಾಲ್ಕಕ್ಕೆ ಬಂತು. ಏನೂ ಕೇಳಲಿಲ್ಲ. ಆದರೆ ಅಂಗೈಗೆ ಬಡಿಯಿತು, ನಾಲ್ಕು ಸಲ. ಹೊಡೆಯುತ್ತಿದೆ. ಅದು ಯಾವತ್ತೂ ನಿಂತಿರಲೇ ಇಲ್ಲ. ಮುದುಕ ಅತ್ತೆ ಅಂತ ಬರೆಯಲು ನಾಚಿಕೆ, ಆದರೆ ಅತ್ತೆ.

ಇದು ಒಂದೇ ದಿನಕ್ಕೆ ಆಗಿದ್ದಲ್ಲ. ಎರಡು ವರ್ಷದ ಹಿಂದೆ ಪಕ್ಕದ ಸುರಂಗದಲ್ಲಿ ಮದ್ದು ಸಿಡಿಸಿದಾಗಿನಿಂದ ತಲೆಯೊಳಗೆ ಒಂದು ಗುಂಯ್ ಇತ್ತು. ಹೋಗುತ್ತದೆ ಅಂದುಕೊಂಡಿದ್ದೆ. ಅದು ಹೋಯಿತು, ಹೋಗುವಾಗ ಮಿಕ್ಕಿದ್ದನ್ನೆಲ್ಲ ಕರೆದುಕೊಂಡು ಹೋಯಿತು. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ನಿಭಾಯಿಸುತ್ತೇನೆ. ಇಲ್ಟಿಡ್‌ಗೆ ಗೊತ್ತಿಲ್ಲ. ಅವನದು ಮೊದಲೇ ಮಾತು ಕಡಿಮೆ, ಇಬ್ಬರ ಪಾಲಿನದನ್ನೂ ನಾನೇ ಆಡುತ್ತೇನೆ.

ಆಫೀಸಿಗೆ ತಿಳಿದರೆ ನನ್ನನ್ನು ಮೇಲಕ್ಕೆ ಹಾಕುತ್ತಾರೆ. ಕೈಕಾಲು ಕಳೆದುಕೊಂಡ ಮುದುಕರ ಸಾಲಿನಲ್ಲಿ ಕೂತು ಕಲ್ಲಿದ್ದಲಿನಿಂದ ಕಲ್ಲು ಆರಿಸುವುದು. ಅದನ್ನೂ ಸಹಿಸಬಹುದು. ಆದರೆ ಇಲ್ಟಿಡ್‌ಗೆ ಜೊತೆ ಯಾರನ್ನು ಕೊಡುತ್ತಾರೆ ಗೊತ್ತಾ? ಡಾನ್ ಪ್ಯೂ ಒಬ್ಬನೇ ಖಾಲಿ ಇರುವುದು. ಬೆಳಗ್ಗೆ ಹತ್ತಕ್ಕೇ ತೂಕಡಿಸುವ ಆಸಾಮಿ. ಅವನ ಎರಡು ಕಿವಿಗಿಂತ ನನ್ನ ಒಂದು ಅಂಗೈ ಮೇಲು. ಈಗ ನಾನು ಕಂಬಕ್ಕೆ ಅಂಗೈ ಒತ್ತಿ ನೋಡುತ್ತೇನೆ, ನಡುಕ ತಿಳಿಯುತ್ತದೆ. ಕೈಗೆ ಕೇಳುತ್ತದೆ ನೆಸ್ಟ, ಆಣೆ.

ನೀನು ಬರುವವರೆಗೆ ಬಿಡು. ನೀನು ಬಂದ ದಿನ ನಾನೇ ಅವನಿಗೆ ಹೇಳಿ, ಗಣಿಯ ದೀಪ ಒಪ್ಪಿಸಿ ಕೆಲಸ ಬಿಟ್ಟುಬಿಡುತ್ತೇನೆ. ಅಲ್ಲಿಯವರೆಗೆ ನನ್ನನ್ನು ಕುಂಟರ ಸಾಲಿಗೆ ಕಳಿಸಬೇಡ. ಇದನ್ನು ಓದಿ ಒಲೆಗೆ ಹಾಕು.

ಅಪ್ಪ


ಬ್ರಿನ್ ಅವೆಲ್
ಜೂನ್ 28

ಅಪ್ಪ,

ಒಲೆಗೆ ಹಾಕಿದೆ.

ನಾನು ಒಪ್ಪಿದೆ ಅಂದುಕೊಳ್ಳಬೇಡ. ಬಾಯಿ ಮುಚ್ಚಿಕೊಂಡಿದ್ದೇನೆ, ಅಷ್ಟೆ. ದಿನಾ ಬೆಳಗ್ಗೆ ಆರಕ್ಕೆ ನೀವು ಕೇಜಿನಲ್ಲಿ ಗಣಿಗೆ ಇಳಿಯುವ ಹೊತ್ತಿಗೆ ನನಗೆ ಎಚ್ಚರವಾಗುತ್ತದೆ. ಮಧ್ಯಾಹ್ನ ಮೂರರವರೆಗೆ ನನ್ನ ಕೈಯೂ ಮಂಚದ ಕಾಲಿನ ಮೇಲೇ ಇರುತ್ತದೆ. ಎಂಥ ಮಗಳು ನಾನು, ಎಂಥ ಹೆಂಡತಿ ನಾನು, ಒಂದೂ ತಿಳಿಯುತ್ತಿಲ್ಲ.

ಕಂಬದಿಂದ ಕೈ ತೆಗೆಯಬೇಡ.

ನೆಸ್ಟ


ಕ್ವಮ್ ಹೆಲಿಗ್
ಆಗಸ್ಟ್ 9

ಮಗಳೇ,

ನಿನ್ನ ತೂಕ ಹೆಚ್ಚಿದೆ ಅಂತ ಓದಿ ಇಬ್ಬರೂ ಒಂದೊಂದು ಮೊಟ್ಟೆ ಜಾಸ್ತಿ ತಿಂದೆವು.

ಇಲ್ಲಿ ಸೆಕೆ. ಕೆಳಗೆ ಇನ್ನೂ ಸೆಕೆ, ಅಂಗಿ ಬಿಚ್ಚಿಯೇ ಕೆಲಸ. ನಾವು ಈಗ ಹಳೆಯ ಸುರಂಗದ ಅಡಿಗೆ ಬಂದಿದ್ದೇವೆ, ಮೇಲಿನ ಗುಡ್ಡ ಕೂತುಕೊಳ್ಳುತ್ತಿದೆ. ಹೋದ ವಾರ ನಿಲ್ಲಿಸಿದ ಕಂಬಗಳು ಈ ವಾರ ಬಾಗಿವೆ. ಮೂರಡಿ ಇದ್ದ ಜಾಗ ಎರಡೂವರೆ ಆಗಿದೆ. ಇನ್ನೊಂದು ವಿಷಯ, ಇಲಿಗಳು ಕಾಣುತ್ತಿಲ್ಲ. ಬ್ರೆಡ್ಡಿನ ಅಂಚನ್ನು ಅವಕ್ಕೆ ಅಂತಲೇ ಎಸೆಯುತ್ತೇವಲ್ಲ, ನಾಲ್ಕು ದಿನದಿಂದ ಎಸೆದದ್ದು ಎಸೆದ ಜಾಗದಲ್ಲೇ ಇದೆ. ಬೇರೆ ಕಡೆ ಒಳ್ಳೆಯ ಚೀಸು ಸಿಕ್ಕಿರಬೇಕು ಅಂತ ತಮಾಷೆ ಮಾಡಿದೆ. ಇಲ್ಟಿಡ್ ನಗಲಿಲ್ಲ.

ನೀನು ಹೇಳಿದಂತೆ ಕೈ ಇಟ್ಟೇ ಇರುತ್ತೇನೆ. ಆದರೆ ಕೈ ಕಂಬದ ಮೇಲಿದ್ದರೆ ಗಾಡಿ ತುಂಬುವವರು ಯಾರು? ಸಲಿಕೆ ಹಿಡಿಯಲು ಎರಡೂ ಕೈ ಬೇಕು. ನಾಲ್ಕು ಸಲ ತುಂಬುತ್ತೇನೆ, ಒಂದು ಸಲ ಮುಟ್ಟುತ್ತೇನೆ.

ಇಲ್ಟಿಡ್ ಚೆನ್ನಾಗಿದ್ದಾನೆ. ಮೊಟ್ಟೆ ಕೊಟ್ಟುಬರಲು ಪ್ರೀಸ್ ಟೀಚರ ಮನೆಗೆ ಹೋಗಿದ್ದಾನೆ. ಕಾಗೆಕಾಲು ಮುಂದಿನ ಸಲ.

ಅಪ್ಪ


ಬ್ರಿನ್ ಅವೆಲ್
ಸೆಪ್ಟೆಂಬರ್ 6

ಅಪ್ಪ,

ಡಾಕ್ಟರು ಇವತ್ತು ಹೇಳಿದರು, ಅಕ್ಟೋಬರ್ ಅಲ್ಲ, ಕ್ರಿಸ್‌ಮಸ್ ಆಗಬಹುದಂತೆ. ಅಷ್ಟು ದಿನ ನಾನು ಬಾಯಿ ಮುಚ್ಚಿಕೊಂಡಿರಲಾರೆ. ನಾಲ್ಕು ಸಲ ತುಂಬಿ ಒಂದು ಸಲ ಮುಟ್ಟುತ್ತೀಯ. ಆ ನಾಲ್ಕರಲ್ಲಿ ನನ್ನ ಗಂಡ ಇದ್ದಾನೆ.

ಪ್ರೀಸ್ ಟೀಚರಿಗೆ ಬರೆಯಬಹುದಿತ್ತು, ಅವರೇ ಹೋಗಿ ಅವನಿಗೆ ಹೇಳುತ್ತಿದ್ದರು. ಆದರೆ ಭಾನುವಾರದೊಳಗೆ ಇಡೀ ಚರ್ಚಿಗೆ ತಿಳಿಯುತ್ತಿತ್ತು. ನಿನಗೆ ಹಾಗೆ ಮಾಡಲು ನನ್ನಿಂದ ಆಗಲಿಲ್ಲ. ಅದಕ್ಕೇ ನಿನ್ನ ಕೈಗೇ ಕೊಡುತ್ತಿದ್ದೇನೆ. ಎರಡನೆಯ ಹಾಳೆ ಇಲ್ಟಿಡ್‌ಗೆ. ಒಂದಕ್ಷರ ಬಿಡದೆ ಅವನಿಗೆ ಓದಿ ಹೇಳು. ಪೂರ್ತಿ ಕೇಳಿದ ಮೇಲೆ ಆ ಹಾಳೆಯ ಕೆಳಗೆ ಅವನು ಕಾಗೆಕಾಲು ಹಾಕಲಿ, ನನಗೆ ವಾಪಸು ಕಳಿಸು. ನಿನ್ನ ಓದಿನ ಮೇಲೆ ನಾನು ಯಾವತ್ತೂ ಅನುಮಾನ ಪಟ್ಟವಳಲ್ಲ.

ನೆಸ್ಟ

(ಎರಡನೆಯ ಹಾಳೆ)

ಇಲ್ಟಿಡ್,

ನಾನು ಚೆನ್ನಾಗಿದ್ದೇನೆ. ಈಗ ಹೇಳುವುದನ್ನು ಕೊನೆಯವರೆಗೂ ಕೇಳು, ಮಧ್ಯೆ ಎದ್ದು ಹೋಗಬೇಡ.

ಅಪ್ಪನಿಗೆ ಕಿವಿ ಕೇಳಿಸುವುದಿಲ್ಲ. ಮರ ಮಾತಾಡಿದರೆ ಅವರಿಗೆ ಗೊತ್ತಾಗುವುದಿಲ್ಲ. ಇದು ಮೇ ತಿಂಗಳಿನಿಂದ ನನಗೆ ಗೊತ್ತಿತ್ತು, ನಿನಗೆ ಹೇಳಲಿಲ್ಲ. ಅವರ ಮೇಲೆ ಸಿಟ್ಟು ಮಾಡಬೇಡ. ಈ ಮಾತನ್ನು ತಮ್ಮ ಬಾಯಿಂದ ತಾವೇ ನಿನಗೆ ಓದಿ ಹೇಳುತ್ತಿದ್ದಾರಲ್ಲ, ಅಷ್ಟು ಶಿಕ್ಷೆ ಅವರಿಗೆ ಸಾಕು. ನಾಳೆ ಬೆಳಗ್ಗೆ ಆಫೀಸಿಗೆ ನೀನೇ ಜೊತೆಯಲ್ಲಿ ಹೋಗು. ಯಾರಾದರೂ ನಕ್ಕರೆ ನೀನು ಪಕ್ಕದಲ್ಲಿರಬೇಕು. ಸಿಟ್ಟು ಬಂದರೆ ನನ್ನ ಮೇಲೆ ಮಾಡು, ನಾನು ದೂರದಲ್ಲಿದ್ದೇನೆ, ತಡೆದುಕೊಳ್ಳುತ್ತೇನೆ. ನೀವಿಬ್ಬರೂ ಇರುವ ಮನೆಗೆ ನಾನು ಬರಬೇಕು.

ನಿನ್ನ ನೆಸ್ಟ


ಕ್ವಮ್ ಹೆಲಿಗ್
ಸೆಪ್ಟೆಂಬರ್ 20

ಪ್ರೀತಿಯ ನೆಸ್ಟ,

ನಾನು ಕ್ಯಾಟ್ರಿನ್ ಪ್ರೀಸ್ ಬರೆಯುತ್ತಿದ್ದೇನೆ. ತಂತಿ ನಿನಗೆ ಶುಕ್ರವಾರವೇ ತಲುಪಿದೆ ಎಂದು ತಿಳಿಯಿತು. ಇಲ್ಟಿಡ್ ಮಂಚದ ಮೇಲಿದ್ದಾನೆ, ಕಾಲಿಗೆ ಪಟ್ಟಿ ಕಟ್ಟಿದ್ದಾರೆ, ಕಾಲು ಉಳಿಯುತ್ತದೆ. ಮುಂದಿನದು ಅವನ ಮಾತು. ತಿದ್ದಬಾರದು ಎಂದಿದ್ದಾನೆ, ತಿದ್ದಿಲ್ಲ.

ನೆಸ್ಟ, ಮಾವನ್ನ ನಿನ್ನೆ ನಿಮ್ಮಮ್ಮನ ಪಕ್ಕಾನೇ ಮಣ್ಣು ಮಾಡಿದ್ರು. ಹಾಡಿನ ಗುಂಪಿನೋರು ಮುಂದಿನ ಸಾಲಲ್ಲಿ ಒಂದು ಜಾಗ ಬಿಟ್ಟು ನಿಂತು ಹಾಡಿದ್ರಂತೆ. ನಂಗೆ ಹೋಗಕ್ಕಾಗ್ಲಿಲ್ಲ.

ನಿನ್ನ ಕಾಗದ ಬಂದಿದ್ದು ನಂಗೆ ಗೊತ್ತಿತ್ತು. ಒಂಬತ್ತು ದಿನ ಮಾವ ಅದನ್ನ ಬ್ರೆಡ್ ಡಬ್ಬೀಲಿ ಇಟ್ಕೊಂಡು ಕೆಳಗೆ ತರ್ತಿದ್ರು. ಊಟದ ಹೊತ್ತಲ್ಲಿ ಡಬ್ಬಿ ತೆಗೆಯೋರು, ಅದನ್ನ ನೋಡೋರು, ಬ್ರೆಡ್ ತಗೊಂಡು ಮುಚ್ಚೋರು. ನಾನು ಕೇಳ್ಲಿಲ್ಲ. ಗುರುವಾರ ತಾವೇ "ನಿನ್ನ ಹೆಂಡ್ತಿ ಕಾಗ್ದ ಓದ್ತೀನಿ, ಕೇಳು" ಅಂದ್ರು. "ಮನೇಲಿ ಓದಿ ಮಾವ" ಅಂದೆ. "ಇಲ್ಲ, ಇಲ್ಲೇ ಓದ್ಬೇಕು. ಇದು ಇಲ್ಲೀದೇ ವಿಷ್ಯ" ಅಂದ್ರು. ನನ್ನ ಮುಖ ನೋಡಕ್ಕಾಗ್ದೆ ದೀಪ ತಗೊಂಡು ಒಳಗಡೆ ಮೂಲೆಗೆ ಹೋಗಿ, ನಂಗೆ ಬೆನ್ನು ಮಾಡ್ಕೊಂಡು ಕೂತ್ರು.

ಗಟ್ಟಿಯಾಗಿ ಓದಿದ್ರು. ನೀನು ಚೆನ್ನಾಗಿದೀಯ ಅಂತ ಓದಿದ್ರು. ಅಪ್ಪನಿಗೆ ಕಿವಿ ಕೇಳಿಸುವುದಿಲ್ಲ ಅಂತ ಓದಿದ್ರು. ಒಂದಕ್ಷರ ಬಿಡ್ಲಿಲ್ಲ ನೆಸ್ಟ, ಅದು ನಿಂಗೆ ಗೊತ್ತಿರ್ಲಿ. "ಅವರ ಮೇಲೆ ಸಿಟ್ಟು ಮಾಡಬೇಡ" ಅನ್ನೋ ಕಡೆ ನಿಲ್ಸಿದ್ರು. ಮೂಗು ಒರೆಸ್ಕೊಂಡು ಅದೇ ಸಾಲನ್ನ ಮತ್ತೆ ಶುರು ಮಾಡಿದ್ರು. ಆಗ ಕಂಬ ಕಿರ್ ಅಂತು.

"ಹೊರಗೆ!" ಅಂದೆ. ಅದು ದೊಡ್ಡೋರು ಹೇಳೋ ಮಾತು, ನನ್ನ ಜನ್ಮದಲ್ಲೇ ನಾನು ಹೇಳಿರ್ಲಿಲ್ಲ. ಎರಡ್ಸಲ ಕೂಗ್ದೆ, ಮೂರ್ಸಲ ಕೂಗ್ದೆ. ಅವರು ಓದ್ತಾನೇ ಇದ್ರು. ತೆವಳ್ಕೊಂಡು ಹೋಗಿ ಅವರ ಬೂಟ್ ಹಿಡ್ಕೊಂಡೆ, ಅಷ್ಟೊತ್ತಿಗೆ ಚಾವಣಿ ಕೆಳಗೆ ಬಂತು.

ಮಾವಂಗೆ ಕಿವಿ ಕೇಳಲ್ಲ ಅಂತ ನಂಗೆ ಮೊದ್ಲಿಂದ್ಲೇ ಗೊತ್ತಿತ್ತು ನೆಸ್ಟ. ಈಸ್ಟರ್ ವಾರ ನಂಗೆ ಬಾಯಾರಿಕೆ ಆಗಿರ್ಲಿಲ್ಲ, ಮರ ಕೂಗಿದ್ದು ಕೇಳೇ ಬಂದಿದ್ದು. ಆವತ್ತಿಂದ ಪಿಕಾಸೀಲಿ ಎರಡೇಟು ಹಾಕೋದು, ನಿಲ್ಸೋದು, ಕೇಳೋದು. ಮತ್ತೆ ಎರಡೇಟು. ಅವರಿಗೆ ಹೇಳಿದ್ರೆ ಅವರ ಮರ್ಯಾದೆ ಏನಾಗ್ಬೇಕು? ನಿನಗೆ ಹೇಳೋಣ ಅಂದ್ರೆ ಬರ್ಯೋರು ಅವರೇ. ಟೀಚರ ಮನೆಗೆ ಎರಡ್ಸಲ ಹೋದೆ, ಮೊಟ್ಟೆ ಕೊಟ್ಟು ಬಾಯಿ ಬರದೆ ವಾಪಸ್ ಬಂದೆ.

ನಿನ್ನ ಕಾಗದದಿಂದ ಆಯ್ತು ಅಂದ್ಕೋಬೇಡ. ಆ ಕಲ್ಲು ಹೆಂಗಿದ್ರೂ ಬೀಳ್ತಿತ್ತು, ಇಲಿಗಳಿಗೇ ಗೊತ್ತಿತ್ತು. ಸುಳ್ಳು ಮಾತ್ರ ಹೇಳಲ್ಲ, ಇಷ್ಟು ದಿನ ಅವರನ್ನ ನನ್ನ ಕೈಗೆ ಎಟುಕೋ ದೂರದಲ್ಲೇ ಇಟ್ಕೊಂಡಿದ್ದೆ. ಆವತ್ತೊಂದಿನ ದೂರ ಕೂತ್ರು.

ಹಾಳೆ ಸಿಕ್ಕಿದೆ, ಅವರ ಕೈಲೇ ಇತ್ತು. ಟೀಚರು ಮಿಕ್ಕಿದ್ದನ್ನ ಓದ್ತೀನಿ ಅಂದ್ರು, ನಾನು ಬೇಡ ಅಂದೆ. ಕೆಳಗೆ ನನ್ನ ಗುರುತು ಹಾಕ್ಬೇಕಂತ ಡಬ್ಬೀಲಿದ್ದ ಇನ್ನೊಂದು ಹಾಳೇಲಿ ನೀನು ಬರ್ದಿದೀಯಂತೆ, ಅದನ್ನೂ ಹಾಕಿಲ್ಲ. ಪೂರ್ತಿ ಕೇಳ್ದೆ ಹೆಂಗೆ ಹಾಕ್ಲಿ? ಮಾವ ಅರ್ಧ ಓದಿದಾರೆ. ಇನ್ನರ್ಧ ನೀನು ವಾಸಿಯಾಗಿ ಬಂದು ಓದು. ನಾನು ಕೇಳ್ತೀನಿ.

ಇಲ್ಟಿಡ್ ರೀಸ್
(ಅವನ ಕೈಯದೇ ಕಾಗೆಕಾಲು)